ಪ್ರವಾಸದ ಕೊನೆಯ ಕಛೇರಿ: ಮಂಗಳ ಹಾಡಿದ ಮೇಲೆ ವಾದ್ಯಗಳನ್ನು ಹೇಗೆ ಕಟ್ಟುವುದು?

ಶ್ರುತಿಪೆಟ್ಟಿಗೆ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಕಾಲೇಜು ವಾದ್ಯವೃಂದದ ಪ್ರವಾಸ ಉಡುಪಿಯಲ್ಲಿ ಮುಗಿಯುತ್ತದೆ. ಒಟ್ಟು 20 ವಿದ್ಯಾರ್ಥಿಗಳು: 4 ವೀಣೆ, 6 ಪಿಟೀಲು, 3 ಕೊಳಲು, 2 ಮೃದಂಗ, 1 ಘಟ, ಉಳಿದ ನಾಲ್ವರು ಹಾಡುವವರು. ಕಛೇರಿ ಸಂಜೆ 6.30ಕ್ಕೆ. ರಾತ್ರಿ 10ಕ್ಕೆ ಬಸ್ಸು ಹೊರಟು ಮಂಗಳೂರು, ಮಡಿಕೇರಿ ಮೇಲೆ ಬೆಳಗ್ಗೆ ಮೈಸೂರು. ಐದಾರು ಜನ ಉಡುಪಿಯಿಂದಲೇ ತಂದೆತಾಯಿಯ ಜೊತೆ ಹೋಗುತ್ತಾರೆ. ತಂತಿಗಳನ್ನು ಪೂರ್ತಿ ಸಡಿಲಿಸಬೇಕಾ? ಯಾವುದನ್ನು ಮೊದಲು ಕಟ್ಟಬೇಕು?

ಬಿರಡೆ:
ಪೂರ್ತಿ ಸಡಿಲಿಸಲೇಬೇಡಿ. ಪಿಟೀಲಿನ ಒಳಗಿನ ಸೌಂಡ್ ಪೋಸ್ಟ್ (ಸಣ್ಣ ಮರದ ಕಡ್ಡಿ) ನಿಂತಿರುವುದೇ ತಂತಿಯ ಬಿಗಿಯಿಂದ. ನಾಲ್ಕೂ ತಂತಿ ಒಟ್ಟಿಗೆ ಬಿಟ್ಟರೆ ಅದು ಬೀಳಬಹುದು, ಮತ್ತೆ ಕೂರಿಸಲು ರಿಪೇರಿಯವರೇ ಬೇಕು. ಅರ್ಧ ಸ್ವರ, ಹೆಚ್ಚೆಂದರೆ ಒಂದು ಸ್ವರ ಇಳಿಸಿದರೆ ಸಾಕು. ಕಮಾನಿನ ಕೂದಲನ್ನು ಮಾತ್ರ ಮರೆಯದೆ ಸಡಿಲಿಸಿ.

ವೀಣೆಗೂ ಇದೇ ಮಾತು. ತಂತಿ ಸಡಿಲವಾದರೆ ಕುದುರೆ (ತಂತಿಗಳನ್ನು ಹೊತ್ತ ಸೇತುವೆ) ಜರುಗುತ್ತದೆ, ಆಮೇಲೆ ತಂತಿಯ ಅಡಿಯ 24 ಮೆಟ್ಟಿಲಲ್ಲಿ (ಫ್ರೆಟ್) ಒಂದೂ ಸ್ವರಸ್ಥಾನಕ್ಕೆ ಕೂಡುವುದಿಲ್ಲ. ಕಟ್ಟುವ ಮೊದಲು ಕುದುರೆಯ ಸುತ್ತ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಡಿ. ಸೋರೆಬುರುಡೆ ಬಿಚ್ಚಿ ಬೇರೆ ಸುತ್ತಿ, ಅದರ ತಿರುಪನ್ನು ಬುರುಡೆಯ ಚೀಲಕ್ಕೇ ಹಾಕಿ. ಬೆರಳಿಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೆವರು ಎರಡೂ ತಂತಿಯ ಮೇಲಿರುತ್ತವೆ. ಒಣ ಹತ್ತಿ ಬಟ್ಟೆಯಿಂದ ತಂತಿಯ ಅಡಿಯನ್ನೂ ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ.

ವೀಣೆಯನ್ನು ಬಸ್ಸಿನ ಡಿಕ್ಕಿಗೆ ಹಾಕಲೇಬಾರದು, ಅದರಲ್ಲೂ ಹಿಂದೆ ಎಂಜಿನ್ ಇರುವ ಬಸ್ಸಿನಲ್ಲಿ. ಮೆಟ್ಟಿಲು ಕೂತಿರುವುದು ಮೇಣದ ಮೇಲೆ. ಬಿಸಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ವಾಲಿದರೆ ಹೊಸದಾಗಿ ಮೇಳ ಕಟ್ಟಿಸಬೇಕಾಗುತ್ತದೆ, ಅಂದರೆ ಮೆಟ್ಟಿಲುಗಳನ್ನೆಲ್ಲ ಮತ್ತೆ ಕೂರಿಸಬೇಕಾಗುತ್ತದೆ.

ಎಡಂತಲೆ:
ಮೃದಂಗ ಮೊದಲು. ಮೃದಂಗದ ಎಡ ಮುಖಕ್ಕೆ ಕಲಸಿ ಹಚ್ಚಿದ ರವೆ ಹಸಿಯಿರುವಾಗಲೇ ವೇದಿಕೆಯ ಮೇಲೇ ತೆಗೆಸಿ. ಒಣಗಿದ ರವೆಯನ್ನು ಕೆರೆದರೆ ಚರ್ಮ ಹರಿಯುತ್ತದೆ, ಬಿಟ್ಟರೆ ಜಿರಲೆ, ಇಲಿ ಬರುತ್ತವೆ. ನೀರು ಸುರಿಯಬೇಡಿ, ಒದ್ದೆ ಕೈಯಲ್ಲಿ ಸವರಿ ತೆಗೆದು ಬಟ್ಟೆಯಿಂದ ಒತ್ತಿ ಒರೆಸಿ. ಆಮೇಲೆ ಇಪ್ಪತ್ತು ನಿಮಿಷ ಫ್ಯಾನಿನ ಕೆಳಗೆ ಬಿಟ್ಟು ಚೀಲಕ್ಕೆ ಹಾಕಿ. ಹಸಿ ಚರ್ಮಕ್ಕೆ ಜಿಪ್ ಎಳೆದರೆ ಬೂಷ್ಟು ಗ್ಯಾರಂಟಿ.

ಇನ್ನೊಂದು ಮುಖ್ಯ ವಿಷಯ. ಕರಾವಳಿಯ ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಹುಡುಗರು ಕಲ್ಲಿನಿಂದ ತಟ್ಟಿ ತಟ್ಟಿ ಏರಿಸಿರುತ್ತಾರೆ. ಅದೇ ಬಿಗಿಯಲ್ಲಿ ಮೈಸೂರಿನ ಒಣ ಹವೆಗೆ ಬಂದರೆ ಅದು ಇನ್ನೂ ಏರುತ್ತದೆ, ಬಲಂತಲೆ (ಬಲ ಮುಖದ ಚರ್ಮ) ಅಂಚಿನಲ್ಲಿ ಸೀಳುವ ಅಪಾಯವಿದೆ. ಕಟ್ಟುವ ಮೊದಲೇ ಅರ್ಧ ಸ್ವರ ಇಳಿಸಿಬಿಡಿ.

ಘಟಕ್ಕೆ ಕಂಬಳಿ ಸುತ್ತಿ, ಅಡಿಗೆ ಬಟ್ಟೆಯ ಸಿಂಬೆ ಇಟ್ಟು, ನುಡಿಸಿದವನ ಪಕ್ಕದಲ್ಲೇ ಇರಲಿ. ಅದೇ ಶ್ರುತಿಯ ಇನ್ನೊಂದು ಘಟ ಸುಲಭಕ್ಕೆ ಸಿಗುವುದಿಲ್ಲ.

ರಾತ್ರಿಬಸ್ಸು:
ವಾದ್ಯ ಒಡೆಯುವುದಕ್ಕಿಂತ ಕಳೆಯುವುದೇ ಹೆಚ್ಚು, ಅದೂ ಕೊನೆಯ ದಿನ. ಕಾರಣ ನೀವೇ ಬರೆದಿದ್ದೀರಿ: ಐದಾರು ಜನ ಅಲ್ಲಿಂದಲೇ ಹೋಗುತ್ತಾರೆ. ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಬಸ್ಸಿನ ಬಾಗಿಲಲ್ಲಿ ವಾದ್ಯದ ಹೆಸರು ಕೂಗಿ ಎಣಿಸಿ. ಕಾಲೇಜಿನ ವಾದ್ಯ ಯಾರ ಮನೆಗೂ ಹೋಗಬಾರದು. ಸ್ವಂತ ವಾದ್ಯ ಒಯ್ಯುವವರ ಪೋಷಕರು ಪಟ್ಟಿಯಲ್ಲಿ ಸಹಿ ಹಾಕಿಯೇ ಹೊರಡಲಿ. ಪಟ್ಟಿಯಲ್ಲಿ ಕಮಾನು, ಅದಕ್ಕೆ ಉಜ್ಜುವ ರಾಳ, ಕಾಂಟ್ಯಾಕ್ಟ್ ಮೈಕು, ಎಲೆಕ್ಟ್ರಾನಿಕ್ ತಂಬೂರಿಯ ಅಡಾಪ್ಟರ್ ಬೇರೆ ಬೇರೆ ಸಾಲಿನಲ್ಲಿರಲಿ. ವೇದಿಕೆಯ ಪ್ಲಗ್ಗಿನಲ್ಲೇ ಉಳಿಯುವುದು ಆ ಅಡಾಪ್ಟರ್.

ಗುಂಪು ಫೋಟೋವನ್ನು ಮೈಕ್ ಪರೀಕ್ಷೆ ಆದಮೇಲೆ ಸಂಜೆ 5ಕ್ಕೇ ತೆಗೆಸಿ. ಕಛೇರಿ ಮುಗಿದ ಮೇಲೆ ಸನ್ಮಾನ, ಹಾರ, ಸೆಲ್ಫಿ ನಡುವೆ ವೀಣೆಗಳು ನೆಲದ ಮೇಲೆ ಅನಾಥವಾಗಿರುತ್ತವೆ, ಯಾರೋ ತುಳಿಯುತ್ತಾರೆ. 8.30ಕ್ಕೆ ಮಂಗಳ ಹಾಡಿಸಿ. ತನಿ ಆವರ್ತನ (ಮೃದಂಗ, ಘಟ ಮಾತ್ರ ನುಡಿಸುವ ಭಾಗ) ಉದ್ದವಾದರೆ ಕಡಿಮೆಯಾಗುವುದು ಕಟ್ಟುವ ಸಮಯವೇ. ಹಾಡುವವರು ಮೊದಲು ಊಟ ಮಾಡಿ ಬಂದು ವಾದ್ಯಗಳ ಕಾವಲಿಗೆ ನಿಲ್ಲಲಿ, ಆಮೇಲೆ ಉಳಿದವರು ಹೋಗಲಿ. ಮಡಿಕೇರಿ ದಾರಿಯಲ್ಲಿ ಸಂಪಾಜೆ ದಾಟಿದರೆ ಘಟ್ಟದ ತಿರುವುಗಳು, ಊಟ ಹಗುರವಾಗಿರಲಿ. ವಾಂತಿ ಆಗುವವರನ್ನು ಮುಂದೆ ಕೂರಿಸಿ.

ಶ್ರುತಿಪೆಟ್ಟಿಗೆ:
ತುಂಬ ಉಪಕಾರವಾಯಿತು. ಬಸ್ಸು ಎಸಿ ಸ್ಲೀಪರ್. ವೀಣೆ ಎಲ್ಲಿಡಲಿ? ಕೊಳಲಿಗೆ ಎಸಿ ತೊಂದರೆಯಾ?

ಬಿರಡೆ:
ಇಳಿದು ಹೋಗುವವರ ಬರ್ತ್ ಖಾಲಿ ಇರುತ್ತದಲ್ಲ, ಕೆಳಗಿನವನ್ನೇ ವೀಣೆಗೆ ಬಿಡಿ. ತಂತಿ ಮೇಲ್ಮುಖವಾಗಿರಲಿ, ಎರಡೂ ಬದಿಗೆ ದಿಂಬು ಕೊಟ್ಟು ಹಗ್ಗ ಬಿಗಿಯಿರಿ. ಕೊಳಲಿಗೆ ಹೌದು, ತೊಂದರೆಯೇ. ಕಡ್ಡಿಗೆ ಬಟ್ಟೆ ಸುತ್ತಿ ಒಳಗಿನ ಎಂಜಲು ಒರೆಸಿ, ಬಟ್ಟೆಯ ಚೀಲದಲ್ಲಿ ಸುತ್ತಿ ಬಟ್ಟೆಬರೆಯ ನಡುವೆ ಇಡಿ. ಎಸಿ ಗಾಳಿ ನೇರವಾಗಿ ಬಿದ್ದರೆ ಬಿದಿರು ಬಿರಿಯುತ್ತದೆ.

ಮೈಸೂರಿಗೆ ಬಂದ ತಕ್ಷಣ ಶ್ರುತಿ ಮಾಡಲು ಹೋಗಬೇಡಿ. ಮಧ್ಯಾಹ್ನದವರೆಗೆ ವಾದ್ಯಗಳು ಕೋಣೆಯ ಹವೆಗೆ ಹೊಂದಿಕೊಳ್ಳಲಿ. ಉಡುಪಿಯಲ್ಲಿ ಊದಿಕೊಂಡು ಬಿಗಿದಿದ್ದ ಬಿರಡೆಗಳು (ತಂತಿ ಬಿಗಿಮಾಡುವ ಮರದ ಗೂಟಗಳು) ಇಲ್ಲಿ ಜಾರಲು ಶುರುವಾಗುತ್ತವೆ, ಅವಕ್ಕೆ ಸೀಮೆಸುಣ್ಣ ಸವರಿ.