ಒಂದೇ ಚಕ್ರ ಬಿಸಿ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕು: 1965ರ ಎಂಜಿಬಿ ಕಾರಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ಸರ್, ನಮ್ಮ ಮನೆಯಲ್ಲಿ 1965ರ ಎಂಜಿಬಿ ಕಾರು ಇದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ನವನಗರ ದಾಟುವಷ್ಟರಲ್ಲಿ ಗಾಡಿ ಎಡಕ್ಕೆ ಎಳೆಯತೊಡಗುತ್ತದೆ ಮತ್ತು ಮುಂದಿನ ಎಡ ಚಕ್ರ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಪೆಡಲ್ ಮೊದಲ ಸಲ ಒತ್ತಿದಾಗ ಆಳಕ್ಕೆ ಹೋಗಿ, ತಕ್ಷಣ ಎರಡನೆಯ ಸಲ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಇದಲ್ಲದೆ ಬ್ರೇಕ್ ಒತ್ತಿದಾಗ ಹಿಂದಿನ ಬಲಗಡೆಯ ಬ್ರೇಕ್ ದೀಪ ಮಂಕಾಗಿ ಹೊತ್ತುತ್ತದೆ, ಜೊತೆಗೆ ಮುಂದಿನ ಬಲ ಇಂಡಿಕೇಟರ್ ಕೂಡ ಮಿಣುಕುತ್ತದೆ. ಕೆಲವೊಮ್ಮೆ ಬ್ರೇಕ್ ಒತ್ತಿದ ಕ್ಷಣದಲ್ಲಿ ಫ್ಯೂಸ್ ಹಾರಿ, ವೈಪರ್ ಮತ್ತು ಪೆಟ್ರೋಲ್ ಮೀಟರ್ ಎರಡೂ ನಿಲ್ಲುತ್ತವೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಇಡೀ ವೈರಿಂಗನ್ನೂ ಬದಲಿಸಬೇಕೆಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಬದಲಿಸಬೇಕೇ?

ಉತ್ತರ: ಎರಡನ್ನೂ ಸದ್ಯಕ್ಕೆ ಬದಲಿಸಬೇಡಿ. ನೀವು ಬರೆದದ್ದರಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳಿವೆ ಮತ್ತು ಅವುಗಳಲ್ಲಿ ಯಾವುದೂ ಮಾಸ್ಟರ್ ಸಿಲಿಂಡರಿನ ಕಡೆಗೆ ನೇರವಾಗಿ ಬೆರಳು ತೋರಿಸುವುದಿಲ್ಲ. ಆದರೆ ತಪಾಸಣೆ ಮುಗಿಯುವವರೆಗೆ ಗಾಡಿಯನ್ನು ರಸ್ತೆಗೆ ಇಳಿಸಬಾರದು. ಆ ವರ್ಷದ ಎಂಜಿಬಿಯಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಇರುವುದು ಒಂದೇ ಆಯಿಲ್ ಸರ್ಕ್ಯೂಟ್ ಆದ್ದರಿಂದ, ಎಲ್ಲಿಯಾದರೂ ಒಂದು ಕಡೆ ಆಯಿಲ್ ಸೋರಿದರೆ ಕಾಲಡಿಯ ಬ್ರೇಕ್ ಪೂರ್ತಿ ಹೋಗುತ್ತದೆ.

ಮೊದಲು ಪೆಡಲಿನ ವಿಷಯ. ಎರಡನೆಯ ಒತ್ತಿಗೆ ಮೇಲೆಯೇ ಗಟ್ಟಿಯಾಗುವುದು ಬಹುಮಟ್ಟಿಗೆ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್‌ಗಳಲ್ಲಿ, ಒಳಗಿನಿಂದ ಒತ್ತುವ ಶೂಗಳ ಲೈನರ್ ಸವೆದು ಶೂಗೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಿರುವುದರ ಗುರುತು. ಈ ಕಾರಿನಲ್ಲಿ ಆ ಅಂತರ ತಾನಾಗಿ ಸರಿಹೊಂದುವುದಿಲ್ಲ. ಹಿಂಬದಿಯ ಪ್ಲೇಟಿನಲ್ಲಿರುವ ಚೌಕ ತಲೆಯ ಅಡ್ಜಸ್ಟರನ್ನು ಚಕ್ರ ಬಿಗಿಯಾಗುವವರೆಗೆ ತಿರುಗಿಸಿ, ಚಕ್ರ ಸರಾಗವಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿದೆ ಎಂದರ್ಥ. ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿಯುತ್ತಿದ್ದು, ಹೊರಗೆ ಎಲ್ಲಿಯೂ ಸೋರಿಕೆ ಕಾಣದಿದ್ದರೆ ಮಾತ್ರ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಮೇಲೆ ಸಂಶಯಪಡಬಹುದು. ನೀವು ಇಂಥದ್ದನ್ನು ಹೇಳಿಲ್ಲ.

ಎಡ ಚಕ್ರ ಹಿಡಿದುಕೊಳ್ಳುವುದಕ್ಕೆ ಒಂದು ಪರೀಕ್ಷೆ ಇದೆ, ಅದನ್ನು ಮಾಡದೆ ಯಾರೂ ಬಿಡಿಭಾಗ ತರಿಸಬಾರದು. ಗಾಡಿಯನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬ್ರೇಕ್ ಒತ್ತಿ ಬಿಟ್ಟು, ಚಕ್ರ ಬಿಗಿಯಾಗಿಯೇ ಉಳಿದಿದೆಯೇ ನೋಡಿರಿ. ಉಳಿದಿದ್ದರೆ ಮೇಲಿನ ಲೋಹದ ಪೈಪು ರಬ್ಬರ್ ಹೋಸ್ ಪೈಪಿಗೆ ಸೇರುವ ಕಡೆ ನಟ್ಟನ್ನು ಸ್ವಲ್ಪವೇ ಸಡಿಲಿಸಿರಿ. ಅಷ್ಟಕ್ಕೆ ಚಕ್ರ ಬಿಟ್ಟುಕೊಂಡರೆ ಒತ್ತಡ ಅದಕ್ಕಿಂತ ಮೇಲೆ, ಅಂದರೆ ಮಾಸ್ಟರ್ ಸಿಲಿಂಡರ್ ಕಡೆ, ಸಿಕ್ಕಿಕೊಂಡಿದೆ. ಆದರೆ ಹಾಗಿದ್ದರೆ ಒಂದೇ ಚಕ್ರ ಬಿಸಿಯಾಗುವುದು ಅಪರೂಪ. ಚಕ್ರ ಬಿಡದೆ, ಕ್ಯಾಲಿಪರಿನ (ಮುಂದಿನ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಗಾಳಿ ತೆಗೆಯುವ ನಿಪ್ಪಲ್ ತೆರೆದಾಗ ಆಯಿಲ್ ಚಿಮ್ಮಿ ಬಿಟ್ಟುಕೊಂಡರೆ ಹೋಸ್ ಪೈಪು ಒಳಗೆ ಊದಿ ಮುಚ್ಚಿಕೊಂಡಿದೆ: ಕಾಲಿನ ಬಲಕ್ಕೆ ಆಯಿಲ್ ಕೆಳಗೆ ಹೋಗುತ್ತದೆ, ಹಿಂದಿರುಗಲು ದಾರಿ ಸಿಗುವುದಿಲ್ಲ. ಹೊರಗಿನಿಂದ ಆ ಪೈಪು ಹೊಸದರಂತೆಯೇ ಕಾಣಬಹುದು. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ ತುಕ್ಕು ಹಿಡಿದು ಕೂತಿದೆ. ಹೋಸ್ ಬದಲಿಸುವುದಾದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿರಿ. ರಬ್ಬರ್ ಸೀಲ್‌ಗಳನ್ನು ಪೆಟ್ರೋಲಿನಲ್ಲಾಗಲಿ ಸೀಮೆಎಣ್ಣೆಯಲ್ಲಾಗಲಿ ತೊಳೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಅದರಿಂದ ಸೀಲ್ ಊದಿ ಕೆಡುತ್ತದೆ.

ಇನ್ನು ವೈರಿಂಗ್. ಮುಂದಿನ ಇಂಡಿಕೇಟರ್ ಮಿಣುಕುವುದು ಹಿಂದಿನ ಬಲ ದೀಪದ ಅರ್ತ್, ಅಂದರೆ ದೀಪವನ್ನು ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಸೇರಿಸುವ ಜೋಡಣೆ, ಕೆಟ್ಟಿರುವ ಲಕ್ಷಣ. ಬ್ರೇಕ್ ಬಲ್ಬಿನಿಂದ ಬಂದ ಕರೆಂಟಿಗೆ ಕಾರಿನ ಬಾಡಿಯನ್ನು ಸೇರುವ ದಾರಿ ಸಿಗದೆ, ಅದೇ ದೀಪದ ಇಂಡಿಕೇಟರ್ ಬಲ್ಬಿನ ಮೂಲಕ ಮುಂದಿನ ಬಲ್ಬಿಗೆ ಹೋಗಿ ಅಲ್ಲಿ ಅರ್ತ್ ಆಗುತ್ತದೆ. 12 ವೋಲ್ಟ್ ಮೂರು ಬಲ್ಬುಗಳಲ್ಲಿ ಹಂಚಿಹೋಗುವುದರಿಂದ ಎಲ್ಲವೂ ಮಂಕು. ದೀಪದ ಲೋಹದ ಭಾಗದಿಂದ ಚಾಸಿಯ ಉಜ್ಜಿದ ಜಾಗಕ್ಕೆ ತಾತ್ಕಾಲಿಕವಾಗಿ ಒಂದು ವೈರ್ ಹಿಡಿದು ನೋಡಿರಿ. ದೀಪ ಪ್ರಕಾಶಮಾನವಾದರೆ ರೋಗ ಸಿಕ್ಕಿತು. ತುಕ್ಕು ಉಜ್ಜಿ, ಕಪ್ಪು ವೈರನ್ನು ಹೊಸ ಲಗ್ ಹಾಕಿ ಬಿಗಿದರೆ ಸಾಕು.

ಫ್ಯೂಸಿನದು ಬೇರೆ ಕಥೆ. ಹಸಿರು ವೈರಿನ ಸಾಲಿನಲ್ಲಿಯೇ ಬ್ರೇಕ್ ದೀಪ, ವೈಪರ್, ಪೆಟ್ರೋಲ್ ಮೀಟರ್ ಇರುವುದರಿಂದ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಬ್ರೇಕ್ ಒತ್ತಿದಾಗ ಮಾತ್ರ ಹಾರುವುದರಿಂದ, ಬ್ರೇಕ್ ಸ್ವಿಚ್ಚಿನಿಂದ ಹಿಂದಕ್ಕೆ ಹೋಗುವ ಹಸಿರು-ನೇರಳೆ ವೈರು ಎಲ್ಲೋ ಸವೆದು ಬಾಡಿಗೆ ತಾಗುತ್ತಿದೆ. ಫ್ಯೂಸ್ ತೆಗೆದು ಅದರ ಜಾಗಕ್ಕೆ 21 ವ್ಯಾಟ್ ಬಲ್ಬ್ ಜೋಡಿಸಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ವೈರನ್ನು ಡಿಕ್ಕಿಯ ಕಡೆಯಿಂದ ಅಲುಗಾಡಿಸುತ್ತ ಬನ್ನಿರಿ; ಬಲ್ಬ್ ಇದ್ದಕ್ಕಿದ್ದಂತೆ ಪೂರ್ಣ ಬೆಳಗುವ ಜಾಗದಲ್ಲಿಯೇ ಶಾರ್ಟ್ ಇದೆ. ಹಳೆಯ ಲೂಕಾಸ್ ಫ್ಯೂಸಿನ ಮೇಲೆ ಬರೆದ 35 ಆಂಪಿಯರ್ ಅದು ಸುಟ್ಟುಹೋಗುವ ಮಿತಿ, ಸತತವಾಗಿ ತಾಳುವುದು 17 ಮಾತ್ರ. ಅಂಗಡಿಯಲ್ಲಿ ಸಿಗುವ ಈಗಿನ 35ರ ಫ್ಯೂಸ್ ಹಾಕಿದರೆ ಫ್ಯೂಸಿಗಿಂತ ಮೊದಲು ವೈರ್ ಸುಡಬಹುದು.

ಪ್ರಶ್ನೆ (ಅದೇ ಹುಬ್ಬಳ್ಳಿಯವರು): ಬ್ರೇಕ್ ದೀಪಕ್ಕೆ ಎಲ್‌ಇಡಿ ಹಾಕಿದರೆ ಆಗುವುದೇ?

ಉತ್ತರ: ನಿಮ್ಮ ಕಾರು ಮೂಲದಲ್ಲಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿದ್ದು), 1967ರ ನಂತರವೇ ಎಂಜಿಬಿಗೆ ನೆಗೆಟಿವ್ ಅರ್ತ್ ಬಂದದ್ದು. ಸೀಟಿನ ಹಿಂದಿನ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ಮೊದಲು ನೋಡಿರಿ, ಏಕೆಂದರೆ ಹಿಂದಿನ ಮಾಲೀಕರು ಬದಲಿಸಿರಬಹುದು. ಪಾಸಿಟಿವ್ ಆಗಿಯೇ ಇದ್ದರೆ ಸಾಮಾನ್ಯ ಎಲ್‌ಇಡಿ ಹೊತ್ತುವುದಿಲ್ಲ.

ಪ್ರಶ್ನೆ (ಹಾವೇರಿ): ನನ್ನದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಮಳೆಗಾಲದ ತೇವಕ್ಕೆ ಡಾಟ್ 5 ದರ್ಜೆಯ ಬ್ರೇಕ್ ಆಯಿಲ್ ಒಳ್ಳೆಯದೆಂದು ಕೇಳಿದ್ದೇನೆ. ಈಗಿರುವ ಡಾಟ್ 4ರ ಮೇಲೆಯೇ ತುಂಬಿಸಬಹುದೇ ಸರ್?

ಉತ್ತರ: ಖಂಡಿತ ಬೇಡ. ಡಾಟ್ 5 ಸಿಲಿಕೋನ್ ಆಯಿಲ್, ಡಾಟ್ 4ರ ಜೊತೆ ಅದು ಬೆರೆಯುವುದಿಲ್ಲ. ಅದು ನೀರನ್ನು ಹೀರುವುದಿಲ್ಲವಾದರೂ ಒಳಗೆ ಹೊಕ್ಕ ನೀರು ತಗ್ಗಿನಲ್ಲಿ ನಿಂತು ಅಲ್ಲಿಯೇ ತುಕ್ಕು ಹಿಡಿಸುತ್ತದೆ. ಹೆಸರು ಹತ್ತಿರವಿದ್ದರೂ ಡಾಟ್ 5.1 ಸಿಲಿಕೋನ್ ಅಲ್ಲ, ಡಾಟ್ 4ರ ಜಾತಿಯದೇ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಆದ್ದರಿಂದ ಅದನ್ನೇ ಬಳಸಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ತುಂಬಿಸಿರಿ. ಬಣ್ಣದ ಮೇಲೆ ಬಿದ್ದರೆ ಒರೆಸಿ ಬಿಡದೆ ಕೂಡಲೇ ನೀರು ಸುರಿದು ತೊಳೆಯಿರಿ.