ಹಳೆಯ ಗೇಮಿಂಗ್ ಕಂಪ್ಯೂಟರ್‌ನಲ್ಲಿ ಮೊದಲು ಯಾವ ಭಾಗ ಬದಲಾಯಿಸಬೇಕು?

ಅಂತರಗಂಗೆ (ಕೋಲಾರ):

ಎಲ್ಲರಿಗೂ ನಮಸ್ಕಾರ. 2019ರ ಕೊನೆಯಲ್ಲಿ ಅಸೆಂಬಲ್ ಮಾಡಿಸಿದ ಗೇಮಿಂಗ್ ಕಂಪ್ಯೂಟರ್ ಒಂದನ್ನು ಅಪ್‌ಗ್ರೇಡ್ ಮಾಡುವ ವಿಚಾರದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅದರಲ್ಲಿರುವುದು ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಮತ್ತು ಕ್ಯಾಬಿನೆಟ್ ಜೊತೆಯಲ್ಲೇ ಬಂದ, ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ 450 ವ್ಯಾಟ್‌ನ ಎಸ್‌ಎಂಪಿಎಸ್. ಎಲ್ಲವೂ 600 ವಿಎ ಯುಪಿಎಸ್ ಮೇಲೆ ನಡೆಯುತ್ತದೆ. ವಿಂಡೋಸ್ ಇನ್ನೂ 10ರಲ್ಲೇ ಇದೆ.

ಇತ್ತೀಚೆಗೆ 144 ಹರ್ಟ್ಸ್‌ನ 1080ಪಿ ಮಾನಿಟರ್ ಕೊಂಡ ಮೇಲೆ ಕೊರತೆಗಳು ಎದ್ದು ಕಾಣುತ್ತಿವೆ. ಕೌಂಟರ್-ಸ್ಟ್ರೈಕ್ 2ರಲ್ಲಿ ನಾಲ್ಕೈದು ಜನ ಒಟ್ಟಿಗೆ ಎದುರಾದರೆ ಎಫ್‌ಪಿಎಸ್ (ಸೆಕೆಂಡಿಗೆ ತೆರೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ) ಅರ್ಧಕ್ಕೆ ಇಳಿಯುತ್ತದೆ. ಹೊಸ ಆಟಗಳಲ್ಲಿ ಕೆಲವು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕಹಾಕಿ ಚಿತ್ರ ಬಿಡಿಸುವ ಸೌಲಭ್ಯ) ಇಲ್ಲದ ಕಾರ್ಡ್ ಎಂದು ತಿಳಿಸಿ ತೆರೆಯುವುದನ್ನೇ ನಿರಾಕರಿಸುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದೆಂದರೆ, ಸಂಜೆಯ ಹೊತ್ತು ಆಟದ ನಡುವೆ ಯಾವ ಸೂಚನೆಯೂ ಇಲ್ಲದೆ ಇಡೀ ಯಂತ್ರ ಆರಿಹೋಗಿ, ತಾನಾಗಿಯೇ ಮತ್ತೆ ಶುರುವಾಗುವುದು. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಹಿಂಬದಿಯ ಸ್ಕ್ರೂ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ತಿಳಿಯದು.

ಅಂಗಡಿಯವರು ಎಲ್ಲವನ್ನೂ ತೆಗೆದು ಎಎಂ5ಗೆ (ಎಎಂಡಿಯ ಹೊಸ ಪೀಳಿಗೆಯ ಪ್ರೊಸೆಸರ್ ಸಾಕೆಟ್) ಹೋಗಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ, ಎಸ್.ಪಿ. ರೋಡ್‌ನಿಂದ ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದರೆ ಸಾಕು ಎನ್ನುತ್ತಾನೆ. ಎಪ್ಪತ್ತು ಸಾವಿರ ರೂಪಾಯಿಯ ಒಳಗೆ, ಹಂತ ಹಂತವಾಗಿ ಮಾಡುವುದಾದರೆ ಎಲ್ಲಿಂದ ಆರಂಭಿಸುವುದು ಸರಿ?

ಬಿ.ಎಚ್. ರಸ್ತೆ (ತುಮಕೂರು):

ಅಂತರಗಂಗೆಯವರೇ, ಕಾರ್ಡ್ ಯಾವುದು ಎಂಬ ಚರ್ಚೆಯನ್ನು ಸ್ವಲ್ಪ ಆಚೆಗಿಟ್ಟು, ಯಂತ್ರ ಏಕೆ ಆರುತ್ತಿದೆ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಕಾರಣ ತಿಳಿಯದೆ ಮೂವತ್ತು ನಲವತ್ತು ಸಾವಿರದ ಕಾರ್ಡನ್ನು ಅದೇ ಎಸ್‌ಎಂಪಿಎಸ್‌ಗೆ ಸಿಕ್ಕಿಸುವುದು ನನ್ನ ದೃಷ್ಟಿಯಲ್ಲಿ ಜೂಜು.

ತೆರೆ ನೀಲಿಯಾಗಿ ನಿಂತರೆ ಅಥವಾ ಚಿತ್ರ ಹೆಪ್ಪುಗಟ್ಟಿ ಧ್ವನಿ ಮಾತ್ರ ಎಳೆಯುತ್ತಿದ್ದರೆ ರ‍್ಯಾಮ್, ಡ್ರೈವರ್ ಇತ್ಯಾದಿಗಳನ್ನು ಅನುಮಾನಿಸಬಹುದು. ಸ್ವಿಚ್ ಒತ್ತಿದಂತೆ ಫಕ್ಕನೆ ಆರಿದರೆ ಅದು ಬಹುಪಾಲು ವಿದ್ಯುತ್ತಿನ ಕಡೆಯ ದೋಷ. ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ದಾಖಲೆ ಸಿಗುತ್ತದೆ, ಆದರೆ ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲ ಎಂಬುದರ ಹೊರತು ಅದು ಬೇರೇನನ್ನೂ ಹೇಳುವುದಿಲ್ಲ. ಅದನ್ನೇ ರೋಗದ ಹೆಸರೆಂದು ಹಿಡಿದು ಕೂರಬೇಡಿ.

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ. (ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.) ಅದರಲ್ಲಿ +12 ವೋಲ್ಟ್ ಎಂಬ ಅಂಕಣದ ಕೆಳಗೆ ಎಷ್ಟು ಆಂಪಿಯರ್ ಬರೆದಿದೆ ನೋಡಿ 12ರಿಂದ ಗುಣಿಸಿ. ಇಂದಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್ ಸಾಲಿನಿಂದಲೇ. ಕ್ಯಾಬಿನೆಟ್ ಜೊತೆ ಬರುವ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಹೊರಗೆ 450 ಎಂದು ದಪ್ಪಕ್ಷರದಲ್ಲಿದ್ದರೂ, 12 ವೋಲ್ಟ್ ಸಾಲಿನಲ್ಲಿ 18 ಆಂಪಿಯರ್ ಎಂದಿರುತ್ತದೆ, ಅಂದರೆ 216 ವ್ಯಾಟ್. ನಿಮ್ಮ 1660 ಸೂಪರ್ ಒಂದಕ್ಕೇ 125 ವ್ಯಾಟ್ ಬೇಕು. ರೈಜೆನ್ 5 2600ರ ಮೇಲೆ 65 ವ್ಯಾಟ್ ಎಂದಿದ್ದರೂ ಒತ್ತಡದಲ್ಲಿ ಅದು 88ರವರೆಗೆ ಏರಬಲ್ಲದು. ಫ್ಯಾನು, ಡಿಸ್ಕುಗಳನ್ನು ಸೇರಿಸಿದರೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ, ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರಕ್ಕೆ ತನ್ನ ಸರಾಸರಿಗಿಂತ ಬಹಳ ಹೆಚ್ಚು ಎಳೆದುಕೊಳ್ಳುವ ಸ್ವಭಾವದ್ದು. ಒಳ್ಳೆಯ 550 ವ್ಯಾಟ್‌ನ ಎಸ್‌ಎಂಪಿಎಸ್‌ನಲ್ಲಿ ಇದೇ ಸಾಲು 45 ಆಂಪಿಯರ್‌ನ ಆಸುಪಾಸಿನಲ್ಲಿರುತ್ತದೆ.

ಪರೀಕ್ಷಿಸಲು ಖರ್ಚೇನೂ ಇಲ್ಲ. ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟನ್ನು (ಅದು ಎಳೆದುಕೊಳ್ಳಬಹುದಾದ ವಿದ್ಯುತ್ತಿನ ಮಿತಿ) ಶೇ. 70ಕ್ಕೆ ಇಳಿಸಿ ಕೆಲವು ಸಂಜೆ ಆಡಿ ನೋಡಿ. ಆರುವುದು ನಿಂತರೆ ಎಸ್‌ಎಂಪಿಎಸ್ ಅಥವಾ ಯುಪಿಎಸ್ ತಾಳುತ್ತಿಲ್ಲ ಎಂದು ತಿಳಿಯಿರಿ. ಯುಪಿಎಸ್‌ನ ಮೇಲೂ ನನಗೆ ಬಲವಾದ ಅನುಮಾನವಿದೆ: 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ, ಅದೂ ಬ್ಯಾಟರಿ ಹೊಸದಿದ್ದಾಗ. ಸಂಜೆ ಸಂಪಿನ ಮೋಟರ್ ಹಾಕಿದಾಗ ವೋಲ್ಟೇಜ್ ಕುಸಿದು ಯುಪಿಎಸ್ ಬ್ಯಾಟರಿಗೆ ತಿರುಗುತ್ತದೆ, ಬ್ಯಾಟರಿ ಹಳೆಯದಾಗಿದ್ದರೆ ಆಟದ ಭಾರಕ್ಕೆ ಅಲ್ಲಿಯೇ ಕೈಚೆಲ್ಲುತ್ತದೆ.

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ‘80 ಪ್ಲಸ್ ಬ್ರಾಂಜ್’ ಎಂಬ ಗುರುತನ್ನಷ್ಟೇ ನೋಡಿ ಸಮಾಧಾನಪಡಬೇಡಿ. ಅದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದರ ಅಳತೆಯೇ ಹೊರತು ಸುರಕ್ಷತೆಯ ಪ್ರಮಾಣಪತ್ರವಲ್ಲ. ಆಕ್ಟಿವ್ ಪಿಎಫ್‌ಸಿ (ಸಾಕೆಟ್‌ನಿಂದ ಕರೆಂಟನ್ನು ಸಮವಾಗಿ ಎಳೆದುಕೊಳ್ಳುವ ವ್ಯವಸ್ಥೆ) ಇರುವ, 100ರಿಂದ 240 ವೋಲ್ಟ್‌ವರೆಗೆ ಒಪ್ಪುವ, ಐದು ವರ್ಷ ಅಥವಾ ಹೆಚ್ಚಿನ ವಾರಂಟಿಯ 550ರಿಂದ 650 ವ್ಯಾಟ್‌ನದನ್ನು ಆರಿಸಿ. ಅಂಥದಕ್ಕೆ ಪ್ರತ್ಯೇಕ ಸ್ಟೆಬಿಲೈಜರ್ ಬೇಕಾಗುವುದಿಲ್ಲ. ಆದರೆ ಅಗ್ಗದ ಯುಪಿಎಸ್‌ಗಳು ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆಗೂ ಆಕ್ಟಿವ್ ಪಿಎಫ್‌ಸಿಗೂ ಕೆಲವೊಮ್ಮೆ ಹೊಂದಿಕೆಯಾಗುವುದಿಲ್ಲ. ಯುಪಿಎಸ್ ಬದಲಿಸುವ ದಿನ ಬಂದಾಗ ನಯವಾದ ಅಲೆ ಕೊಡುವ ಪ್ಯೂರ್ ಸೈನ್‌ವೇವ್ ಎಂದೇ ಕೇಳಿ.

ಇದೆಲ್ಲ ಆದ ಮೇಲೆ ನನ್ನ ಮತ ಗ್ರಾಫಿಕ್ಸ್ ಕಾರ್ಡಿಗೆ. ಪ್ರೊಸೆಸರ್ ಇನ್ನೂ ಒಂದು ವರ್ಷ ಕಾಯಬಹುದು.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಬೆರಳು ಜುಮ್ಮೆನ್ನುವ ಮಾತನ್ನು ಅವರು ಮುಟ್ಟಲಿಲ್ಲ, ನನಗೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಎಸ್‌ಎಂಪಿಎಸ್‌ಗೆ ಕರೆಂಟ್ ಒಳಬರುವ ಬಾಯಲ್ಲಿ ವಿದ್ಯುತ್ತಿನ ಗದ್ದಲ (ಬೇಡದ ಏರಿಳಿತ) ಸೋಸಲು ಫೇಸ್‌ನಿಂದ ಲೋಹದ ಕವಚಕ್ಕೊಂದು, ನ್ಯೂಟ್ರಲ್‌ನಿಂದ ಕವಚಕ್ಕೊಂದು ಚಿಕ್ಕ ಕೆಪಾಸಿಟರ್ ಇಟ್ಟಿರುತ್ತಾರೆ. ಅರ್ಥಿಂಗ್ ಗಟ್ಟಿಯಾಗಿದ್ದರೆ ಅವುಗಳಿಂದ ಸೋರುವ ಅತ್ಯಲ್ಪ ವಿದ್ಯುತ್ ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ 230ರ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಹರಿಯುವ ಪ್ರಮಾಣ ಚಿಕ್ಕದಾದ್ದರಿಂದ ಜುಮ್ಮೆನ್ನುತ್ತದೆ ಅಷ್ಟೇ. ನಾಳೆ ಒಳಗೆ ಏನಾದರೂ ಶಾರ್ಟ್ ಆದರೆ ಆ ‘ಅಷ್ಟೇ’ ಎಂಬ ಮಾತು ಉಳಿಯುವುದಿಲ್ಲ.

ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಮಲ್ಟಿಮೀಟರ್‌ನಿಂದ ಆ ಸಾಕೆಟ್‌ನಲ್ಲಿ ಮೂರು ಅಳತೆ ತೆಗೆಸಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ, ಫೇಸ್ ಮತ್ತು ಅರ್ಥ್ ನಡುವೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಮೊದಲ ಎರಡು ಹೆಚ್ಚುಕಡಿಮೆ ಸಮನಾಗಿರಬೇಕು, ಮೂರನೆಯದು ಎರಡು ಮೂರು ವೋಲ್ಟ್ ದಾಟಬಾರದು. ಮನೆಯ ಉಳಿದ ಸಾಕೆಟ್‌ಗಳಲ್ಲಿ ಸರಿಯಿದ್ದು ಇದೊಂದರಲ್ಲೇ ತಪ್ಪಿದ್ದರೆ ತಂತಿ ಬಾಕ್ಸ್‌ನೊಳಗೆ ಕಳಚಿದೆ ಎಂದರ್ಥ. ಎಲ್ಲ ಕಡೆಯೂ ತಪ್ಪಿದ್ದರೆ ಹೊರಗಿನ ಅರ್ಥಿಂಗ್ ಗುಂಡಿಯನ್ನೇ ನೋಡಬೇಕು. ನಮ್ಮ ಈ ಬಯಲುಸೀಮೆಯ ಕೆಂಪು ಗರಸು ಮಣ್ಣು ಬೇಸಿಗೆಯಲ್ಲಿ ಒಣಗಿದಂತೆಲ್ಲ ಅದರ ವಿದ್ಯುತ್ ನಿರೋಧ ಏರುತ್ತದೆ. ಇದ್ದಿಲು ಉಪ್ಪು ಹಾಕಿ ಗುಂಡಿ ಮುಚ್ಚಿದ ಮೇಲೆ ಅದರ ಕಡೆ ತಿರುಗಿ ನೋಡದವರೇ ಹೆಚ್ಚು, ಆದರೆ ಮಳೆ ಬರುವವರೆಗೆ ವಾರಕ್ಕೊಮ್ಮೆಯಾದರೂ ಅದಕ್ಕೆ ಒಂದೆರಡು ಕೊಡ ನೀರು ಬೀಳಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಕೆಲವರು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಹಾಕಿ ‘ಈಗ ಶಾಕ್ ಹೊಡೆಯುವುದಿಲ್ಲ’ ಎನ್ನುತ್ತಾರೆ. ಹೊಡೆಯುವುದಿಲ್ಲ ನಿಜ, ಆದರೆ ಎಂದಾದರೂ ಆ ನ್ಯೂಟ್ರಲ್ ಕಡಿದರೆ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್‌ಗೆ ಬಂದು ಕೂರುತ್ತದೆ. ಅದಕ್ಕೆ ಒಪ್ಪಬೇಡಿ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್) ಇಲ್ಲದಿದ್ದರೆ ಇದೇ ಖರ್ಚಿನಲ್ಲಿ ಅದನ್ನೂ ಹಾಕಿಸಿಕೊಳ್ಳಿ. (ನಿಮ್ಮ ಜಿಲ್ಲೆಯ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು, ಅರ್ಥ್ ತಂತಿ ನಮ್ಮ ಕೆಲವು ಸಾಕೆಟ್‌ಗಳಿಗೆ ಇನ್ನೂ ಬರುತ್ತಲೇ ಇದೆ!)

ಧೂಳಿನ ವಿಚಾರ. ಕ್ರಷರ್‌ಗಳಿರುವ ನಮ್ಮ ಕಡೆಯಂತೆ ನಿಮ್ಮಲ್ಲೂ ಸಣ್ಣ ಕಲ್ಲುಪುಡಿಯ ಕಾಟವಿದ್ದರೆ, ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್ ಬೇಡ. ಜಾಲರಿ ಮುಖದ, ತೊಳೆಯಬಹುದಾದ ಫಿಲ್ಟರ್ ಇರುವುದು ಬೇಕು. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ.

ಸಾಕೆಟ್ ಎಎಂ4 (ಚಿಂತಾಮಣಿ):

ವಿದ್ಯುತ್ತಿನ ಬಗ್ಗೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಆದರೆ ಪ್ರೊಸೆಸರ್ ಕಾಯಬಹುದು ಎಂಬ ತುಮಕೂರಿನವರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರು ಹೆಚ್ಚಾಗಿ ಆಡುವುದು ಕೌಂಟರ್-ಸ್ಟ್ರೈಕ್, ಅವರ ದೂರು ಇರುವುದು ಜನ ಗುಂಪುಗೂಡಿದಾಗ ಬೀಳುವ ಎಫ್‌ಪಿಎಸ್ ಬಗ್ಗೆ. ಅದು ಪ್ರೊಸೆಸರ್ ಸೋಲುವ ಜಾಗ. ಅನುಮಾನವಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್‌ಗಳನ್ನೆಲ್ಲ ಕನಿಷ್ಠಕ್ಕೆ ಇಳಿಸಿ ಅದೇ ಮ್ಯಾಪ್ ಆಡಿ ನೋಡಿ: ಎಫ್‌ಪಿಎಸ್ ಏರದಿದ್ದರೆ, ಕಾರ್ಡಿನ ಬಳಕೆ ಶೇ. 60ರಲ್ಲೇ ನಿಂತಿದ್ದರೆ, ಕಾರ್ಡ್ ಕೆಲಸವಿಲ್ಲದೆ ಕಾಯುತ್ತಿದೆ ಎಂದೇ ತಿಳಿಯಬೇಕು.

ಮೊದಲು ರ‍್ಯಾಮ್. ಒಂದೇ 8 ಜಿಬಿ ಎಂದರೆ ಸಿಂಗಲ್ ಚಾನೆಲ್, ಅಂದರೆ ದತ್ತಾಂಶ ಓಡಾಡಲು ಒಂದೇ ದಾರಿ; ರೈಜೆನ್‌ಗೆ ಅದು ಕಟ್ಟಿಹಾಕಿದಂತೆಯೇ. 8 ಜಿಬಿಯ ಎರಡು, 3200ರ ವೇಗದ ಜೋಡಿಯನ್ನು ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ ಹಾಕಿ, ಬಯಾಸ್‌ನಲ್ಲಿ (ಬೋರ್ಡಿನ ಮೂಲ ತಂತ್ರಾಂಶ) ಎಕ್ಸ್‌ಎಂಪಿ ಎಂಬ ಮೆಮೊರಿ ವೇಗದ ಆಯ್ಕೆಯನ್ನು ಆನ್ ಮಾಡಿ. ಆನ್ ಮಾಡದಿದ್ದರೆ ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ. ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯಿಂದ ಮೆಮೊರಿ ಬೆಲೆ ಗಗನಕ್ಕೇರಿದೆ, ಅಂಗಡಿಯವರು ಹೇಳುವ ಎಎಂ5 ನಿಮಗೆ ಈಗ ಭಾರವಾಗುವುದೂ ಇದೇ ಕಾರಣಕ್ಕೆ: ಅದು ಡಿಡಿಆರ್5 ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಹೊಸದಾಗಿ ಕಟ್ಟುವವರಿಗೆ ಎಎಂ5 ಸರಿಯೇ, ನಿಮ್ಮ ಬಳಿ ಮಾತ್ರ ಇನ್ನೂ ಜೀವವಿರುವ ಬೋರ್ಡ್ ಇದೆ.

ಆ ಬಿ450 ಬೋರ್ಡಿಗೆ ರೈಜೆನ್ 5 5600 ಹಾಕಿ. ಅದೇ 65 ವ್ಯಾಟ್, ಕೂಲರ್ ಪೆಟ್ಟಿಗೆಯಲ್ಲೇ ಬರುತ್ತದೆ. 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ 5700ಎಕ್ಸ್3ಡಿ ಸರಿಯಾದ ಬೆಲೆಗೆ ಸಿಕ್ಕರೆ ಆಟಕ್ಕೆ ಇನ್ನೂ ಒಳ್ಳೆಯದು, ಆದರೆ ಕೂಲರ್ ಬೇರೆ ಕೊಳ್ಳಬೇಕು. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ ಮುಗಿಸಿ, ಬೋರ್ಡ್ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಯ ಪಟ್ಟಿಯಲ್ಲಿ ಹೊಸ ಪ್ರೊಸೆಸರ್‌ಗೆ ಯಾವ ಆವೃತ್ತಿ ಬೇಕೆಂದು ನೋಡಿಕೊಂಡೇ ಕೈ ಹಾಕಿ. ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು. ಆಟವಿಲ್ಲದ ಆ ಹಗುರ ಭಾರಕ್ಕೆ ನಿಮ್ಮ ಯುಪಿಎಸ್ ಸಾಕು, ಬ್ಯಾಟರಿ ಸರಿಯಿದ್ದರೆ.

ಕೂಲರ್ ತೆಗೆಯುವ ಕ್ಷಣ ಬಹಳ ಜೋಪಾನ. ನಿಮ್ಮ ಬೋರ್ಡಿನ ಸಾಕೆಟ್ಟಾದ ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲಿ, 1331 ಕೂದಲೆಳೆಯಂಥ ಪಿನ್ನುಗಳು. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತಾಗಿರುತ್ತದೆ, ಕೂಲರನ್ನು ನೇರ ಮೇಲಕ್ಕೆ ಕಿತ್ತರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಅದರ ಜೊತೆಗೇ ಎದ್ದು ಬಂದು ಪಿನ್ ಬಾಗುತ್ತದೆ. ಹತ್ತು ಹದಿನೈದು ನಿಮಿಷ ಯಾವುದಾದರೂ ಆಟ ಓಡಿಸಿ ಬಿಸಿ ಮಾಡಿ, ಬಂದ್ ಮಾಡಿ ಪ್ಲಗ್ ತೆಗೆದು, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚುತ್ತಾ ಬನ್ನಿ. ಹಿಡಿತ ಸಡಿಲವಾದದ್ದು ಕೈಗೇ ತಿಳಿಯುತ್ತದೆ.

ವಿಂಡೋಸ್ 10ಕ್ಕೆ ಉಚಿತ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಹಳೆಯ 2600, ಹೊಸ 5600 ಎರಡಕ್ಕೂ ವಿಂಡೋಸ್ 11 ಸಲ್ಲುತ್ತದೆ, ಬಯಾಸ್‌ನಲ್ಲಿ ಎಫ್‌ಟಿಪಿಎಂ (ಪ್ರೊಸೆಸರ್‌ನಲ್ಲೇ ಇರುವ, ಭದ್ರತೆಯ ಕೀಲಿ ಇಡುವ ವ್ಯವಸ್ಥೆ) ಆನ್ ಮಾಡಬೇಕು. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಬಳಸುತ್ತಿದ್ದರೆ ಪ್ರೊಸೆಸರ್ ಬದಲಿಸುವ ಮೊದಲು ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹೊಸ ಪ್ರೊಸೆಸರ್‌ನ ಎಫ್‌ಟಿಪಿಎಂಗೆ ಹಳೆಯ ಕೀಲಿ ತಿಳಿದಿರುವುದಿಲ್ಲ.

ಕಡೆಗೆ ಕಾರ್ಡ್. ಬಿ450 ಬೋರ್ಡಿನಲ್ಲಿ ಕಾರ್ಡಿಗೆ ದತ್ತಾಂಶ ಓಡಾಡುವ ದಾರಿ ಹಳೆಯ ಪಿಸಿಐಇ 3.0 ಮಾತ್ರ ಇದೆ. ಆರ್‌ಟಿಎಕ್ಸ್ 5060 ಆ ದಾರಿಯ ಹದಿನಾರು ಲೇನ್‌ಗಳಲ್ಲಿ (ಸಾಲುಗಳಲ್ಲಿ) ಎಂಟನ್ನೇ ಬಳಸುವ, 8 ಜಿಬಿ ಮೆಮೊರಿಯ ಕಾರ್ಡ್. ಮೆಮೊರಿ ತುಂಬಿ ದತ್ತಾಂಶ ಬೋರ್ಡಿನ ಮೂಲಕ ಓಡಾಡಬೇಕಾಗಿ ಬಂದಾಗ ಆ ಹಳೆಯ ಕಿರಿದಾದ ದಾರಿಯಲ್ಲಿ ಆಟ ಮುಗ್ಗರಿಸುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿ ಹದಿನಾರು ಲೇನ್‌ಗಳನ್ನೂ ಬಳಸುತ್ತದೆ, 160 ವ್ಯಾಟ್ ಬೇಡುತ್ತದೆ. ನಿಮ್ಮ ಬೋರ್ಡಿಗೆ ನಾನು ಆರಿಸುವುದು ಅದನ್ನೇ.

ಅಂತರಗಂಗೆ (ಕೋಲಾರ):

ಮೂವರಿಗೂ ಧನ್ಯವಾದಗಳು. ಎಲೆಕ್ಟ್ರಿಷಿಯನ್ ಬಂದು ಅಳೆದರು. ಉಳಿದ ಕೋಣೆಗಳಲ್ಲಿ ಅಳತೆ ಸರಿಯಿದೆ, ಈ ಸಾಕೆಟ್‌ನಲ್ಲಿ ಮಾತ್ರ ಹಸಿರು ತಂತಿ ಬಾಕ್ಸ್‌ನೊಳಗೆ ಸುತ್ತಿಟ್ಟಂತೆಯೇ ಉಳಿದಿತ್ತು, ಪಿನ್ನಿಗೆ ಸೇರಿಸಿಯೇ ಇರಲಿಲ್ಲ. ಸೇರಿಸಿದ ಮೇಲೆ ಜುಮ್ಮೆನ್ನುವುದು ನಿಂತಿದೆ. ಎಸ್‌ಎಂಪಿಎಸ್ ಲೇಬಲ್‌ನಲ್ಲಿ 12 ವೋಲ್ಟ್‌ಗೆ 17 ಆಂಪಿಯರ್ ಎಂದಿದೆ, ಅಂದರೆ 204 ವ್ಯಾಟ್. ಯುಪಿಎಸ್ ತಪ್ಪಿಸಿ ನೇರವಾಗಿ ಗೋಡೆಯ ಸಾಕೆಟ್‌ನಿಂದ ಓಡಿಸಿದರೂ ಆರಿತು, ಪವರ್ ಲಿಮಿಟ್ ಶೇ. 70ಕ್ಕೆ ಇಳಿಸಿದರೆ ಆರುವುದಿಲ್ಲ. ಸೆಟ್ಟಿಂಗ್ ಕನಿಷ್ಠಕ್ಕೆ ಇಳಿಸಿದರೂ ಕೌಂಟರ್-ಸ್ಟ್ರೈಕ್‌ನ ಎಫ್‌ಪಿಎಸ್ ಏರಲಿಲ್ಲ.

ಹಾಗಾಗಿ 650 ವ್ಯಾಟ್‌ನ ಎಸ್‌ಎಂಪಿಎಸ್, ಆಮೇಲೆ ರ‍್ಯಾಮ್, ಆಮೇಲೆ 5600, ಕಡೆಯಲ್ಲಿ ಕಾರ್ಡ್ ಎಂದು ಗೊತ್ತುಮಾಡಿಕೊಂಡಿದ್ದೇನೆ. ಕಾರ್ಡ್ ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಬಿ.ಎಚ್. ರಸ್ತೆ (ತುಮಕೂರು):

ನಿಮ್ಮ ಪರೀಕ್ಷೆಯ ಫಲ ನೋಡಿದ ಮೇಲೆ ಪ್ರೊಸೆಸರ್ ವಿಷಯದಲ್ಲಿ ಚಿಂತಾಮಣಿಯವರ ಮಾತೇ ನಡೆಯಲಿ. 1660 ಸೂಪರನ್ನು ಅಲ್ಲಿಯವರೆಗೆ ಮಾರಬೇಡಿ, ಈ ಪ್ರೊಸೆಸರ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲದ ಕಾರಣ ಕಾರ್ಡ್ ಇಲ್ಲದೆ ತೆರೆಯೇ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು, ವಾರಂಟಿ ಉಳಿದಿದ್ದು, ಬಿಲ್ಲಿನಲ್ಲಿರುವ ಸೀರಿಯಲ್ ಸಂಖ್ಯೆ ಕಾರ್ಡಿನ ಮೇಲಿನದಕ್ಕೆ ತಾಳೆಯಾದರೆ ಮಾತ್ರ. ಮಾರುವವರ ಮನೆಯಲ್ಲೇ ಅರ್ಧ ಗಂಟೆ ಭಾರವಾದ ಆಟ ಓಡಿಸಿ, ತೆರೆಯ ಮೇಲೆ ಬಣ್ಣದ ಚುಕ್ಕಿಗಳು ಮೂಡುತ್ತವೆಯೇ, ಫ್ಯಾನ್ ಗರಗರ ಎನ್ನುತ್ತದೆಯೇ ನೋಡಿ. ಹಿಂಬದಿಯ ಸ್ಕ್ರೂಗಳ ತಲೆ ಸವೆದಿದ್ದರೆ ಏಕೆ ಬಿಚ್ಚಿದ್ದಿರಿ ಎಂದು ಕೇಳಿ. ಬಿಲ್ ಇಲ್ಲದ ಕಾರ್ಡಿಗೆ ಹೊಸದರ ಮುಕ್ಕಾಲು ಬೆಲೆ ಹೇಳುವವರ ಜೊತೆ ಚೌಕಾಸಿಗೂ ನಿಲ್ಲಬೇಡಿ.