ಬೊಟಾಕ್ಸ್ ಸೂಜಿ: ವಿಷ, ನಂಜು, ಮದ್ದು, ಯಾವುದು ಸರಿ?

ಎಲ್ಲರಿಗೂ ನಮಸ್ಕಾರ.

ನಮ್ಮ ಸೋದರತ್ತೆಗೆ ಕಣ್ಣುರೆಪ್ಪೆ ತಾನಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳುವ ತೊಂದರೆ. ಮೊದಮೊದಲು ಎಡಗಣ್ಣು ಅದುರುತ್ತಿದೆ, ಹೆಂಗಸರಿಗೆ ಒಳ್ಳೇದು ಅಂತ ಖುಷಿಯಾಗಿಯೇ ಇದ್ದರು. ಆಮೇಲೆ ಎರಡೂ ಕಣ್ಣಿಗೆ ಬಂತು. ರಸ್ತೆ ದಾಟುವಾಗ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿಯುತ್ತಿದ್ದರು. ಡಾಕ್ಟರು ಬೊಟಾಕ್ಸ್ ಹಾಕಿಸಿ ಅಂದರು. ಅಲ್ಲಿ ಕೊಟ್ಟ ಕನ್ನಡ ಚೀಟಿಯಲ್ಲಿ ‘ಬೊಟುಲಿನಂ ಜೀವಾಣುವಿಷದ ಚುಚ್ಚುಮದ್ದು’ ಅಂತಿತ್ತು. ‘ವಿಷ’ ಕಂಡದ್ದೇ ತಡ, ಅತ್ತೆ ಚೀಟಿ ಮಡಚಿ ಬ್ಯಾಗಿಗೆ ಹಾಕಿಕೊಂಡು ಎದ್ದೇ ಬಿಟ್ಟರು.

ಚೀಟಿಯಲ್ಲಿದ್ದದ್ದು ಸುಳ್ಳಲ್ಲ. ಲ್ಯಾಟಿನ್‌ನಲ್ಲಿ ‘ಬೊಟುಲಸ್’ ಅಂದರೆ ಸಾಸೇಜ್ (ಕರುಳಿನಲ್ಲಿ ಮಾಂಸ ತುಂಬಿ ಮಾಡುವ ತಿನಿಸು), ಈ ವಿಷಕ್ಕೆ ‘ಬೊಟುಲಿನಂ’ ಅನ್ನೋ ಹೆಸರು ಬಂದದ್ದು ಅದರಿಂದಲೇ. ಕೆಟ್ಟ ಸಾಸೇಜ್ ತಿಂದು ಸತ್ತವರನ್ನು ಕಂಡ ಜರ್ಮನಿಯ ವೈದ್ಯ ಯುಸ್ಟಿನಸ್ ಕೆರ್ನರ್, ಇದೇ ವಿಷ ಚೂರೇ ಚೂರು ಕೊಟ್ಟರೆ ಔಷಧಿಯಾದೀತು ಅಂತ 1820ರ ದಶಕದಲ್ಲೇ ಬರೆದಿದ್ದರು. ಈ ಮದ್ದನ್ನು ಮೆಳ್ಳೆಗಣ್ಣಿಗೂ ರೆಪ್ಪೆಬಿಗಿತಕ್ಕೂ ಕೊಡಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಹುಬ್ಬಿನ ನಡುವಿನ ಸುಕ್ಕಿಗೆ 2002ರಲ್ಲಿ. ಆದರೂ ನಮ್ಮಲ್ಲಿ ಬೊಟಾಕ್ಸ್ ಅಂದ ಕೂಡಲೇ ಸಿನಿಮಾದವರ ಮುಖವೇ ನೆನಪಾಗೋದು, ಅಲ್ವಾ?

ಈಗ ಇದನ್ನು ಕನ್ನಡದಲ್ಲಿ ಏನನ್ನಬೇಕು ಅನ್ನೋದಕ್ಕೆ ಬರುತ್ತೇನೆ. ‘ನಂಜು’ ಅಚ್ಚಗನ್ನಡವೇನೋ ಹೌದು, ಆದರೆ ಗಾಯಕ್ಕೆ ನಂಜಾಯಿತು ಅನ್ನುತ್ತೇವಲ್ಲ, ಆ ಅರ್ಥವೇ ಮುಂದೆ ಬರುತ್ತದೆ. ‘ಸ್ನಾಯು ಸಡಿಲಿಸುವ ಮದ್ದು’ ಅಂದರೆ ಬೆನ್ನುನೋವಿನ ಮಾತ್ರೆಯೂ ಅದೇ. ಇದರ ಕೆಲಸ ಬೇರೆ: ನರದ ತುದಿಯಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನೇ ಮೂರು ನಾಲ್ಕು ತಿಂಗಳು ತಡೆಯುತ್ತದೆ. ‘ಲಕ್ವ’ ಅನ್ನೋ ಮಾತನ್ನಂತೂ ಅತ್ತೆಯ ಮುಂದೆ ಎತ್ತೋ ಹಾಗೇ ಇಲ್ಲ. ‘ಬೊಟಾಕ್ಸ್’ ಅಂತಲೇ ಬಿಡೋಣ ಅಂದರೆ ಅದು ಒಂದು ಕಂಪನಿ ತನ್ನ ಮದ್ದಿಗೆ ಇಟ್ಟ ಹೆಸರು. ಇದೇ ಬಗೆಯ ಮದ್ದು ಡಿಸ್ಪೋರ್ಟ್ ಅನ್ನೋ ಹೆಸರಲ್ಲೂ ಇದೆ, ಎರಡರ ಯೂನಿಟ್ (ಡೋಸಿನ ಅಳತೆ) ಲೆಕ್ಕವೂ ಒಂದೇ ಅಲ್ಲ.

ನನ್ನ ಒಲವು ‘ಬೊಟುಲಿನಂ ಮದ್ದು’ ಕಡೆಗೆ. ತಮಾಷೆ ಏನೆಂದರೆ, ಹಳ್ಳಿಯಲ್ಲಿ ‘ಅವನಿಗೆ ಯಾರೋ ಮದ್ದು ಹಾಕಿದ್ದಾರೆ’ ಅಂದರೆ ಊಟದಲ್ಲಿ ಕೆಟ್ಟದ್ದೇನೋ ಕಲಸಿ ಕೊಟ್ಟಿದ್ದಾರೆ ಅಂತ. ಔಷಧಿ, ವಿಷ ಎರಡೂ ಒಂದೇ ಮಾತಿನಲ್ಲಿ ಮೊದಲೇ ಕೂತಿವೆ. ಆದರೆ ‘ವಿಷ’ ಕೈಬಿಟ್ಟರೆ ರೋಗಿಗೆ ವಿಷಯ ಮುಚ್ಚಿಟ್ಟ ಹಾಗಾಗುತ್ತದಾ? ಬಲ್ಲವರು ಹೇಳಿ.

ಇನ್ನೊಂದು. ಈ ರೆಪ್ಪೆಬಿಗಿತಕ್ಕೆ ನಿಮ್ಮ ಕಡೆ ಏನಂತಾರೆ? ‘ರೆಪ್ಪೆಬಿಗಿತ’ ಸುಮ್ನೆ ನಾನೇ ಕಟ್ಟಿದ್ದು. ‘ಅದುರೋದು’ ಅಂದರೆ ಮತ್ತೆ ಶಕುನದ ಮಾತಿಗೆ ಹೋಗುತ್ತೆ. ಸೋಮವಾರ ಅತ್ತೆಯನ್ನು ಇನ್ನೊಮ್ಮೆ ಕರೆದುಕೊಂಡು ಹೋಗಬೇಕು. ಅಷ್ಟರಲ್ಲಿ ಬರೆದರೆ ಉಪಕಾರ.